ಹೊರಗಿನದು ನಿಮ್ಮ ಪಾಲು

ಮನೆಯಲ್ಲಿ ಒಂದೇ ಒಂದು ಊನವೂ ಸಿಗದೆ ಅವನಿಗೆ ಹೆದರಿಕೆ ಶುರುವಾಯಿತು. ಮುಂದಿನ ಗೋಡೆಯನ್ನು ಬುಡದಿಂದ ಸಜ್ಜದವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದ, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟಿದ್ದ. ಎಲ್ಲಿ ತಟ್ಟಿದರೂ ಗಟ್ಟಿ ಸದ್ದು. ಗಾರೆ ಒಂದು ಕಡೆಯೂ ಗೋಡೆ ಬಿಟ್ಟು ಉಬ್ಬಿರಲಿಲ್ಲ. ಬುಡದಲ್ಲಿ ತೇವ ಏರಿದ ಗುರುತಿಲ್ಲ. ಕಿಟಕಿಯ ಮೇಲಿನ ಮೂಲೆಗಳಲ್ಲಿ, ಯಾವ ಮನೆಯಾದರೂ ಮೊದಲು ಬಾಯಿ ಬಿಡುವುದು ಅಲ್ಲೇ, ಕೂದಲೆಳೆಯಷ್ಟು ಬಿರುಕಿಲ್ಲ. ತಾರಸಿಯ ನೀರು ಇಳಿಯುವ ಪೈಪಿನ ಹಿಂದೆ ಪಾಚಿಯಾದರೂ ಇದ್ದೀತೆಂದು ಕೈ ತೂರಿಸಿ ಸವರಿದರೆ ಬೆರಳು ಒಣಗಿಯೇ ಹೊರಗೆ ಬಂತು. ಹೊಸ ಮನೆಯಾಗಿದ್ದರೆ ಸರಿ ಎನ್ನಬಹುದಿತ್ತು. ಇದು ಹಳೆಯದು, ಹೊಸ್ತಿಲ ಕಲ್ಲು ನಡುವೆ ಸವೆದು ತಗ್ಗಾಗಿತ್ತು. ಇಷ್ಟು ವರ್ಷ ಬಿಸಿಲು ಮಳೆಗೆ ಮೈಯೊಡ್ಡಿ ನಿಂತ ಮೇಲೆ ಮನುಷ್ಯನಾಗಲಿ ಮನೆಯಾಗಲಿ ಒಂದು ಗೆರೆಯೂ ಬೀಳದೆ ಉಳಿಯುವುದೆಂದರೇನು? ಅವನು ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದ. ಬೆಳಗಿನಿಂದ ಮೋಡ ಕವಿದು ಬಿಸಿಲೇ ಬಿದ್ದಿರಲಿಲ್ಲ, ಆದರೂ ಗೋಡೆ ಬೆಚ್ಚಗಿತ್ತು, ಯಾರೋ ಒರಗಿ ಕೂತು ಈಗಷ್ಟೇ ಎದ್ದುಹೋದ ಜಾಗದ ಹಾಗೆ. ಸರಕ್ಕನೆ ಕೈ ತೆಗೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡ. ಒರೆಸಿಕೊಳ್ಳುವಂಥದ್ದು ಕೈಗೆ ಏನೂ ಹತ್ತಿರಲಿಲ್ಲ.

ಊನ ಸಿಗದಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿಗೆ ಅವನ ಸಂಕಟ ಎಲ್ಲಿ ಗೊತ್ತಾಗಬೇಕು! ಗೇಟಿನ ಹತ್ತಿರ ಬ್ರೋಕರ್ ಸ್ಕೂಟರಿನಿಂದ ಇಳಿಯದೆಯೇ, ನೀವು ನೋಡ್ತಿರಿ, ನಾನಿಲ್ಲೇ ಇರ್ತೀನಿ, ಅಮ್ಮ ಒಬ್ಬರೇ ಇರೋದು, ಸಂಕೋಚ ಬೇಡ ಎಂದು ಫೋನಿಗೆ ಮುಖ ತಗ್ಗಿಸಿದ ಮೇಲೆ ಹೆಂಡತಿ ಅವನ ಶರಟಿನ ತೋಳು ಹಿಡಿದು ನಿಲ್ಲಿಸಿದ್ದಳು. ಪ್ರೈಮರಿ ಶಾಲೆಯ ಟೀಚರು ಅವಳು. ದನಿ ಎತ್ತದೆಯೇ ಇಡೀ ತರಗತಿಯ ಬಾಯಿ ಮುಚ್ಚಿಸುವುದು ಗೊತ್ತು. ಅದೇ ದನಿಯಲ್ಲಿ ಹೇಳಿದಳು: "ಇವತ್ತೂ ನೀವು ಮನೆ ಸರಿಯಿಲ್ಲ ಅಂದ್ರೆ, ಮನೆ ತಗೊಳ್ಳೋದೇನೂ ನಿಲ್ಲಲ್ಲ. ನೀವು ನನ್ನ ಜೊತೆ ಬರೋದು ನಿಲ್ಲುತ್ತೆ. ಸಿಟ್ಟಲ್ಲಿ ಹೇಳ್ತಿಲ್ಲ." ಸಿಟ್ಟಿನಲ್ಲಿ ಹೇಳಿದ್ದರೆ ಹೇಗೋ ಸುಧಾರಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಬಾಗಿಲು ತೆರೆದು ಮನೆಯೊಡತಿ ಬಂದಳು. ವಯಸ್ಸಾದ, ತೆಳ್ಳಗಿನ, ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡ ಹೆಂಗಸು. ಹೆಂಡತಿಯ ಕೈ ಹಿಡಿದು, ಬಾರಮ್ಮಾ ಎಂದು ಹಳೆಯ ಪರಿಚಯದವಳನ್ನು ಕರೆದ ಹಾಗೆ ಒಳಗೆ ಕರೆದುಕೊಂಡಳು. ಅವನೂ ಹಿಂದೆ ಕಾಲಿಡಲು ಹೋದಾಗ, ಹೊರಗೆ ನೋಡೋರು ಹೊರಗೆ ನೋಡಲಿ ಎಂದು ನಗುನಗುತ್ತಲೇ ಕದ ಹಾಕಿಕೊಂಡಳು. ತಮ್ಮ ಮನೆಯ ಒಪ್ಪಂದ ಈಕೆಗೆ ಹೇಗೆ ಗೊತ್ತಾಯಿತು ಎಂದು ಅವನು ಎತ್ತಿದ ಕಾಲನ್ನು ಹಾಗೆಯೇ ಇಳಿಸಿದ.

ಒಪ್ಪಂದವಂತೂ ಇತ್ತು. ಮನೆ ಹುಡುಕಲು ಶುರು ಮಾಡಿದ ದಿನವೇ ಹೆಂಡತಿ, ಒಳಗಿಂದು ನನಗೆ ಬಿಡಿ, ಹೊರಗಿನದು ನಿಮ್ಮ ಪಾಲು ಎಂದು ಹಂಚಿಕೊಟ್ಟಿದ್ದಳು. ಆಮೇಲೆ ಎಲ್ಲಾದರೂ ಕಾಫಿ ಕುಡಿಯುತ್ತ ಇಬ್ಬರೂ ತಮ್ಮ ತಮ್ಮ ಪಾಲಿನ ವರದಿ ಒಪ್ಪಿಸುವುದು. ಅವಳ ವರದಿಯಲ್ಲಿ ಅಡುಗೆಮನೆಗೆ ಬೆಳಕು ಬರುತ್ತಿತ್ತು, ಗಾಳಿ ಆಡುತ್ತಿತ್ತು, ಕಪಾಟುಗಳಿರುತ್ತಿದ್ದವು. ಅವನ ವರದಿಯಲ್ಲಿ ಒಂದು ಮನೆಗೆ ಬುಡ ತೇವ ಹಿಡಿದಿತ್ತು, ಇನ್ನೊಂದರ ಕಿಟಕಿಯ ಮೇಲೆ ಓರೆ ಬಿರುಕಿತ್ತು, ಮತ್ತೊಂದರ ತಾರಸಿ ಗೋಡೆಯಲ್ಲಿ ಗಿಡ ಬೇರು ಬಿಟ್ಟಿತ್ತು. ಒಂದೂ ಸುಳ್ಳಲ್ಲ. ಆದರೆ ಪ್ರತಿ ಸಲ ಊನ ಕಣ್ಣಿಗೆ ಬಿದ್ದ ಕ್ಷಣ ಎದೆಯ ಮೇಲಿನ ಕಲ್ಲು ಇಳಿದಷ್ಟು ಹಗುರಾಗುತ್ತಿತ್ತಲ್ಲ, ಅದನ್ನು ವರದಿಯಲ್ಲಿ ಹೇಳಿರಲಿಲ್ಲ. ಮೈದುನ, ಅವಳ ತಮ್ಮ, ಎಲ್ಲರೆದುರು ನಗಾಡುತ್ತಿದ್ದ: ನಮ್ಮ ಭಾವ ಸ್ವರ್ಗಕ್ಕೆ ಹೋದ್ರೂ ಗೋಡೆ ತಟ್ಟಿ ನೋಡಿಯೇ ಒಳಗೆ ಕಾಲಿಡೋದು. ಎಲ್ಲರ ಜೊತೆ ಅವನೂ ಹಲ್ಲು ಕಿರಿಯುತ್ತಿದ್ದ. ಮೊದಲನೇ ಮನೆ ನೋಡಿದ ದಿನ ಅವನು ಹೊರಗೆ ಕಿಟಕಿಯ ಕೆಳಗೆ ಕೂತು ಬುಡ ಪರೀಕ್ಷೆ ಮಾಡುತ್ತಿದ್ದಾಗ, ಒಳಗೆ ಹೆಂಡತಿ ಒಂದು ಪುಟ್ಟ ಕೋಣೆಗೆ ಬಂದು, ಯಾರೂ ಕೇಳುತ್ತಿಲ್ಲವೆಂದುಕೊಂಡು, "ಇದು ನನ್ನ ರೂಮು" ಎಂದಿದ್ದಳು. ಅಷ್ಟೇ. ಬಾಡಿಗೆ ಮನೆಯಲ್ಲಿ ಇರುವುದು ಒಂದೇ ಮಲಗುವ ಕೋಣೆ. ಅವಳು ಗೋಡೆಯ ಕಡೆ ತಿರುಗಿ ಮಲಗಲಿ, ಮಾತಾಡದಿರಲಿ, ಉಸಿರಂತೂ ಕೇಳಿಸುತ್ತದೆ. ಅವಳಿಗೆಂದು ಒಂದು ಕೋಣೆಯಾಗಿ, ಅದಕ್ಕೊಂದು ಬಾಗಿಲಾಗಿ, ಅವಳು ಆ ಬಾಗಿಲು ಹಾಕಿಕೊಂಡರೆ ಅವನು ಏನು ಮಾಡಬೇಕು? ಇದನ್ನು ಬಾಯಿಬಿಟ್ಟು ಯಾರಿಗೆ ಹೇಳುವುದು, ಹೇಳಿದರೆ ಗಂಡಸಿಗೆ ನಾಚಿಕೆಯಾಗಬೇಡವೇ? ಹಾಗಾಗಿ ಗೋಡೆಯ ಬುಡದ ತೇವದ ಬಗ್ಗೆ ಹೇಳಿದ.

ಊನ ಹುಡುಕುವುದು ಅವನಿಗೆ ಹೊಟ್ಟೆಪಾಡಿನಿಂದ ಬಂದ ಅಭ್ಯಾಸವೂ ಹೌದು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಅವನು ಹಲ್ಲಿನ ಸೆಟ್ಟು ಮಾಡುತ್ತಾನೆ. ಮುಂದಿನ ಕೋಣೆಯಲ್ಲಿ ಡಾಕ್ಟರು ಜನರ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅವನು ಅದಕ್ಕೆ ಪ್ಲಾಸ್ಟರ್ ಕಲಸಿ ಹೊಯ್ದು, ಗಟ್ಟಿಯಾದ ಮೇಲೆ ಬಿಡಿಸಿ, ದೀಪದ ಕೆಳಗೆ ಹಿಡಿದು ಗಾಳಿಗುಳ್ಳೆ ಹುಡುಕುತ್ತಾನೆ. ಸಾಸಿವೆ ಕಾಳಿನಷ್ಟು ಗುಳ್ಳೆ ಉಳಿದರೂ ಸೆಟ್ಟು ಅಲ್ಲಿ ಚುಚ್ಚುತ್ತದೆ, ಎಲ್ಲೋ ಯಾರೋ ಅನ್ನ ಅಗಿಯುವಾಗ ಕಣ್ಣೀರು ಹಾಕುತ್ತಾರೆ. ಅವರ ಮುಖ ಅವನು ನೋಡುವುದಿಲ್ಲ. ಕಪಾಟಿನ ತುಂಬ ಬಿಳಿ ಬಾಯಿಗಳು ಮಾತ್ರ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಎದುರಿಗೆ ನಿಂತ ಹೆಂಗಸೊಬ್ಬಳು ಆಕಳಿಸಿದಳು, ಅವಳ ಮುಂದಿನ ಹಲ್ಲು ತಾನು ಮಾಡಿದ್ದೆಂದು ಥಟ್ಟನೆ ಗುರುತು ಹತ್ತಿ ಅವನು ಸಂತೋಷದಿಂದ ನಕ್ಕುಬಿಟ್ಟ. ಇನ್ನೂ ಚೆನ್ನಾಗಿ ಕಾಣಲೆಂದು ತಲೆ ಬಗ್ಗಿಸಿ ಅವಳ ಬಾಯಿಯನ್ನೇ ನೋಡಿದ. ನಾಚಿಕೆ ಆಗಲ್ವಾ ನಿಮಗೆ ಎಂದು ಆಕೆ ಕೂಗಿದ್ದು, ನಾಲ್ಕು ಜನ ಸೇರಿದ್ದು, ಜೊತೆಗಿದ್ದ ಹೆಂಡತಿ ಎಲ್ಲರೆದುರು ಕೈಮುಗಿದು ಅವನನ್ನು ಬಿಡಿಸಿಕೊಂಡು ಬಂದದ್ದು. ಮನೆ ಸೇರಿದ ಮೇಲೆ, ನೀವು ಯಾರನ್ನೂ ನೋಡಲ್ಲ, ಎಲ್ಲಿ ಒಡೆದಿದೆ ಅಂತ ಅಷ್ಟೇ ನೋಡ್ತೀರಿ ಎಂದಳು. ಅವನು ಏನಾದರೂ ಹೇಳುವುದರೊಳಗೆ ದೀಪ ಆರಿಸಿದಳು. ಆ ಮಾತು ಅವನು ಈಗಲೂ ಮರೆತಿಲ್ಲ. ಗುಳ್ಳೆ ಇಲ್ಲದ ಪ್ಲಾಸ್ಟರ್ ಇಲ್ಲ, ಇಲ್ಲಿಯೂ ಇರಲೇಬೇಕು ಎಂದುಕೊಂಡು ಅವನು ಮನೆಯ ಎಡಮಗ್ಗುಲಿಗೆ ತಿರುಗಿದ.

ಎಡಮಗ್ಗುಲಲ್ಲಿ ಅಡುಗೆಮನೆಯ ಕಿಟಕಿ. ಒಳಗೆ ಮನೆಯೊಡತಿ ನಲ್ಲಿ ತಿರುಗಿಸಿ ತೋರಿಸುತ್ತಿದ್ದಳು, ಹೆಂಡತಿ ಪಕ್ಕದಲ್ಲಿ ನಿಂತಿದ್ದಳು. ಕಿಟಕಿಯ ಗಾಜು ಮುಚ್ಚಿದ್ದರಿಂದ ಮಾತು ಕೇಳಿಸಲಿಲ್ಲ. ಮನೆಯೊಡತಿ ಏನೋ ಹೇಳಿದಳು, ಹೆಂಡತಿ ತಲೆ ಹಿಂದಕ್ಕೆ ಎಸೆದು ನಕ್ಕಳು. ಹೀಗೆ ನಗುವವಳನ್ನೇ ತಾನು ಮದುವೆಯಾಗಿದ್ದು ಎಂಬುದು ಅವನಿಗೆ ಮರೆತೇ ಹೋಗಿತ್ತು. ನಗುತ್ತಲೇ ಅವಳು ಹಿಂದಕ್ಕೆ ತಿರುಗದೆ, ಕಣ್ಣಿಂದ ಹುಡುಕದೆ, ಬೆನ್ನ ಹಿಂದಿನ ಕಪಾಟಿಗೆ ಕೈಚಾಚಿ ಒಂದು ಲೋಟ ತೆಗೆದಳು, ನಲ್ಲಿಗೆ ಹಿಡಿದಳು, ಕುಡಿದಳು, ತೊಳೆದು ಮತ್ತೆ ಅಲ್ಲೇ ಇಟ್ಟಳು. ಲೋಟ ಎಲ್ಲಿದೆಯೆಂದು ಇವಳಿಗೆ ಯಾರು ಹೇಳಿದರು? ಹೇಳಿರಬಹುದು, ಅವನು ಬರುವ ಮೊದಲೇ ಹೇಳಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಗಾಜಿನ ಮೇಲೆ ತಟ್ಟಲು ಎತ್ತಿದ ಬೆರಳನ್ನು ಗೋಡೆಯ ಮೇಲೆ ತಟ್ಟಿ, ಕೆಲಸ ಮಾಡುತ್ತಿರುವವನ ಹಾಗೆ ಮುಖ ಮಾಡಿಕೊಂಡು ಮುಂದೆ ಹೋದ. ಗೋಡೆ ಅಲ್ಲಿಯೂ ಗಟ್ಟಿಯಾಗಿತ್ತು.

ಹಿಂಭಾಗಕ್ಕೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಕಾಲುದಾರಿ. ಗೋಡೆಗೆ ಅಂಟಿಕೊಂಡೇ, ಹುಲ್ಲಿನ ನಡುವೆ, ಒಂದು ಪಾದದಗಲ ನೆಲ ಸವೆದು ನುಣುಪಾಗಿತ್ತು. ಹಿಂದಕ್ಕೆ ತಿರುಗಿ ನೋಡಿದರೆ ತಾನು ಬಂದ ಎಡಮಗ್ಗುಲಲ್ಲೂ ಇತ್ತು. ಗೋಡೆ ನೋಡುವ ಭರದಲ್ಲಿ ಅದರ ಮೇಲೆಯೇ ನಡೆದು ಬಂದಿದ್ದ. ಬಟ್ಟೆ ಒಗೆಯಲು ಹೋಗುವವರ ದಾರಿಯಾದರೆ ಬಾಗಿಲಿಂದ ಕಲ್ಲಿಗೆ ಹೋಗಬೇಕು, ಕಸ ಹಾಕುವವರದ್ದಾದರೆ ಕಾಂಪೌಂಡಿನ ಮೂಲೆಗೆ. ಇದು ಯಾವ ಬಾಗಿಲಿಗೂ ಹೋಗುತ್ತಿರಲಿಲ್ಲ, ಮನೆಯನ್ನು ಸುತ್ತುತ್ತಿತ್ತು. ಹಗ್ಗದ ಮೇಲೆ ಒಂದು ಗಂಡಸಿನ ಶರಟು, ಇನ್ನೂ ಹಸಿ, ತೊಟ್ಟಿಕ್ಕುತ್ತಿತ್ತು. ಅಮ್ಮ ಒಬ್ಬರೇ ಇರೋದು ಎಂದಿದ್ದನಲ್ಲ ಬ್ರೋಕರ್. ಮಗ ಬಂದಿರಬಹುದು, ಅಣ್ಣತಮ್ಮಂದಿರು ಯಾರಾದರೂ ಇರಬಹುದು, ಅವರಿವರ ಮನೆಯ ಶರಟಿಗೆ ತಾನೇಕೆ ಮೂಗು ತೂರಿಸಬೇಕು? ಮೂಲೆಯ ಆಚೆ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು. ನಮಸ್ಕಾರ ಸಾರ್, ಮನೆ ನೋಡೋಕೆ ಬಂದಿದ್ವಿ ಎಂದು ಮಾತು ಜೋಡಿಸಿಕೊಳ್ಳುತ್ತ ಅವನು ಬೇಗಬೇಗ ಹೋಗಿ ಮೂಲೆ ತಿರುಗಿದ. ಯಾರೂ ಇರಲಿಲ್ಲ. ತುಳಿದ ಹುಲ್ಲಿನ ಒಂದೆರಡು ಎಳೆ ಮೆಲ್ಲಗೆ ತಲೆ ಎತ್ತುತ್ತಿದ್ದವು. ಅವನು ಒಂದು ಹೆಜ್ಜೆ ಹಿಂದೆ ಸರಿದ, ಜೊತೆಗೇ ನಾಚಿಕೆಯಾಗುವಷ್ಟು ಒಂದು ಆಸೆಯೂ ಹುಟ್ಟಿತು: ಇದೇ ಊನ ಎಂದು ಹೇಳಿದರೆ ಹೇಗೆ? ಇಲ್ಲಿ ಯಾರೋ ಇದ್ದಾರೆ, ಈ ಮನೆ ಬೇಡ ಎಂದರೆ? ಹೆಂಡತಿ ಅವನನ್ನು ಹೇಗೆ ನೋಡಿಯಾಳೆಂದು ಗೊತ್ತಿತ್ತು. ಹೋಮ್‌ವರ್ಕ್ ಮಾಡದೆ ಹೊಟ್ಟೆನೋವು ಎನ್ನುವ ಹುಡುಗನನ್ನು ನೋಡಿದ ಹಾಗೆ.

ಆ ಮೂಲೆ ತಿರುಗಿದ ಕೂಡಲೇ ಒಂದು ಚಿಕ್ಕ ಕೋಣೆಯ ಕಿಟಕಿ. ಹೆಂಡತಿ ಒಬ್ಬಳೇ ಅಲ್ಲಿ ಮಂಚದ ಮೇಲೆ ಕಾಲು ಮಡಚಿಕೊಂಡು ಕೂತಿದ್ದಳು. ಜಡೆ ಬಿಚ್ಚಿ ಕೂದಲನ್ನು ಬೆನ್ನಿಗೆ ಹರಡಿಕೊಂಡಿದ್ದಳು. ಬೇರೆಯವರ ಮನೆಯಲ್ಲಿ, ಬೇರೆಯವರ ಮಂಚದ ಮೇಲೆ! ನೆಂಟರ ಮನೆಯಲ್ಲಿ ಚಾಪೆಯ ತುದಿಗೆ ಕೂರುವವಳು ಅವಳು. ಕಣ್ಣು ಮುಚ್ಚಿತ್ತು. ಅವಳ ಮುಖದಲ್ಲಿ ದುಃಖವಾಗಲಿ ಸಂತೋಷವಾಗಲಿ ಇರಲಿಲ್ಲ. ಯಾರೂ ನೋಡದಿರುವಾಗ ಮನುಷ್ಯರ ಮುಖ ಹೇಗಿರುತ್ತದೋ ಹಾಗಿತ್ತು. ಇಷ್ಟು ವರ್ಷ ಪಕ್ಕದಲ್ಲಿ ಮಲಗಿ ಉಸಿರು ಲೆಕ್ಕ ಹಾಕಿದವನು ಈ ಮುಖವನ್ನು ಒಂದು ದಿನವೂ ನೋಡಿರಲಿಲ್ಲ. ನೋಡುತ್ತ ನಿಲ್ಲುವುದು ತಪ್ಪೆನಿಸಿತು, ನಿಂತೇ ಇದ್ದ. ಕಣ್ಣು ತೆರೆದು ಅವಳು ಅವನನ್ನು ನೋಡಿದಳು. ಬೆಚ್ಚಲಿಲ್ಲ, ನಗಲಿಲ್ಲ. ಮೀಟರ್ ಓದಲು ಬಂದವನನ್ನು ನೋಡುವಷ್ಟು ಹೊತ್ತು ನೋಡಿದಳು. ಅವನು ಕೈಯೆತ್ತಿ ಬೀಸಿದ. ಅವಳು ಎದ್ದು ಬಂದು ಪರದೆ ಎಳೆದಳು. ತನ್ನನ್ನು ನೋಡಿಲ್ಲ, ಗಾಜಿನಲ್ಲಿ ಮೋಡದ ಬೆಳಕು ಹೊಳೆದು ಹೊರಗಿನದು ಕಂಡಿರಲಿಕ್ಕಿಲ್ಲ ಎಂದು ಅವನು ಅಲ್ಲೇ ನಿಂತು ಬಹಳ ಹೊತ್ತು ಯೋಚಿಸಿದ. ಎತ್ತಿದ ಕೈ ಇನ್ನೂ ಮೇಲೆಯೇ ಇತ್ತು.

ಈ ಬಲಮಗ್ಗುಲು ಮುಂದಕ್ಕೆ ಹೋದಂತೆ ಇಕ್ಕಟ್ಟಾಯಿತು. ಕಾಂಪೌಂಡ್ ಗೋಡೆ ಹತ್ತಿರ ಬಂದು, ಒಬ್ಬ ಅಡ್ಡಡ್ಡ ನಡೆದರೆ ಹಿಡಿಸುವಷ್ಟು ಸಂದು. ಬೆಳಕು ಕಡಿಮೆ. ಅಲ್ಲಿ, ಎದೆಮಟ್ಟದಲ್ಲಿ, ಅವನಿಗೆ ಬಿರುಕು ಸಿಕ್ಕಿತು. ಬಿರುಕೆಂದರೆ ಏನು, ಬಣ್ಣದ ಪೊರೆ ಒಣಗಿ ಸೀಳಿದ ಒಂದು ಕೂದಲು. ಗಾರೆಗೆ ಇಳಿದಿರಲಿಲ್ಲ, ಗೋಡೆಗಂತೂ ಸಂಬಂಧವೇ ಇರಲಿಲ್ಲ. ಇದು ಅವನಿಗಿಂತ ಚೆನ್ನಾಗಿ ಗೊತ್ತಾಗುವುದು ಇನ್ಯಾರಿಗೆ? ಆದರೂ ಜೀವ ಬಂದಂತಾಯಿತು. ಉಗುರಿನಿಂದ ಮುಟ್ಟಿದ. ಉಗುರು ಸಾಲಲಿಲ್ಲ. ಜೇಬಿನಲ್ಲಿ ಪ್ಲಾಸ್ಟರ್ ಕೆತ್ತುವ ಪುಟ್ಟ ಚಾಕು ಯಾವಾಗಲೂ ಇರುತ್ತದೆ, ಅದರ ತುದಿಯನ್ನು ಸುಮ್ಮನೆ ಇಟ್ಟು ನೋಡಿದ. ಆಳ ನೋಡಬೇಕಲ್ಲ, ನೋಡದೆ ಹೇಗೆ ವರದಿ ಕೊಡುವುದು? ಸ್ವಲ್ಪ ಕೆರೆದ. ಬಣ್ಣ ಉದುರಿತು. ಇನ್ನೂ ಸ್ವಲ್ಪ ಕೆರೆದ, ಗಾರೆ ಪುಡಿಪುಡಿಯಾಗಿ ಚಪ್ಪಲಿಯ ಮೇಲೆ ಬಿತ್ತು. ನಿಲ್ಲಿಸು ಎಂದು ಹೇಳುವ ಒಬ್ಬ ಒಳಗೆ ಇದ್ದ, ಅವನ ಮಾತು ಕೇಳಿಸುತ್ತಿತ್ತು. ಕೈ ಮಾತ್ರ ಕ್ಲಿನಿಕ್ಕಿನ ದೀಪದ ಕೆಳಗಿನ ಕೈಯ ಹಾಗೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಕೂದಲು ದಾರವಾಯಿತು, ದಾರ ಬೆರಳಗಲವಾಯಿತು. ಇನ್ನು ಹೆಂಡತಿಯ ಕೈ ಹಿಡಿದು ತಂದು ತೋರಿಸಬಹುದು, ನೋಡು, ನಾನೇನು ಬೇಕಂತ ಹೇಳ್ತೀನಾ ಎನ್ನಬಹುದು. ಅವನಿಗೆ ಖುಷಿಯೂ ಆಯಿತು, ಅಸಹ್ಯವೂ ಆಯಿತು.

ಆಗ ಅವನಿಗೆ ಗಾರೆಯ ಬಣ್ಣ ಬದಲಾದದ್ದು ಕಾಣಿಸಿತು. ಮೇಲಿನದು ಬೂದು, ಅದರ ಕೆಳಗೆ ತುಸು ಹಳದಿ, ಅದರ ಕೆಳಗೆ ಮತ್ತೆ ಬೂದು, ಮತ್ತೆ ಬಿಳಿ. ಪದರದ ಮೇಲೆ ಪದರ. ಸುತ್ತಲಿನ ಗೋಡೆಯ ಗಾರೆ ಒಂದೇ, ಇಲ್ಲಿ ಮಾತ್ರ ಹೀಗೆ. ಪ್ಲಾಸ್ಟರಿನ ಜೊತೆ ಬದುಕಿದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇದೇ ಜಾಗವನ್ನು ಕೆರೆದು, ತುಂಬಿ, ಒಣಗಿದ ಮೇಲೆ ಮತ್ತೆ ಕೆರೆದು, ಮತ್ತೆ ತುಂಬಿದ್ದಾರೆ. ಒಂದೊಂದು ಪದರದ ಅಂಚಿನಲ್ಲೂ ಕೆರೆದ ಗೀರುಗಳಿದ್ದವು. ಒಂದು ಕಡೆ ಉಗುರಿನದ್ದು, ಒಂದು ಕಡೆ ಬೀಗದ ಕೈಯದ್ದಿರಬೇಕು, ಒಂದು ಕಡೆ ಯಾವುದೋ ಮೊಂಡು ಆಯುಧದ್ದು. ಎಲ್ಲವೂ ಒಂದೇ ಎತ್ತರದಲ್ಲಿ, ಒಬ್ಬ ಗಂಡಸಿನ ಎದೆಮಟ್ಟದಲ್ಲಿ.

"ಆಯ್ತಾ?" ಎಂದಳು ಮನೆಯೊಡತಿ.

ಸಂದಿನ ಬಾಯಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಗಾರೆ ಕಲಸಿದ ಬಟ್ಟಲು, ಇನ್ನೊಂದರಲ್ಲಿ ಕರಣೆ. ಗಾರೆ ಹದವಾಗಿ ಕಲಸಿತ್ತು. ಅಂದರೆ ಅವನು ಕೆರೆಯುವುದಕ್ಕೆ ಮೊದಲೇ ನೀರು ಹಾಕಿರಬೇಕು. ಅವನು ಚಾಕುವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ, ಬಚ್ಚಿಟ್ಟುಕೊಂಡದ್ದು ಆಕೆಗೆ ಕಂಡಿತೆಂದು ಮತ್ತೆ ಮುಂದಕ್ಕೆ ತಂದ. ಬಿರುಕಿತ್ತು, ಆಳ ನೋಡ್ತಿದ್ದೆ ಎಂದು ತೊದಲಿದ. ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಎಲ್ಲರೂ ಇಲ್ಲೇ ಕೆರೆಯೋದು," ಎಂದಳು. "ಮನೆ ನೋಡೋಕೆ ಬಂದ ಗಂಡಸರು. ಬಿಸಿಲು ಬೀಳೋ ಕಡೆ ಯಾರೂ ಕೆರೆಯಲ್ಲ. ಮೊದಲು ಶುರು ಮಾಡಿದ್ದು ನಮ್ಮನೆಯವರೇ. ಮನೆ ತಗೊಳ್ಳೋ ದಿನ."

ಅವರು ಈಗ ಎಲ್ಲಿದ್ದಾರೆ ಎಂದು ಕೇಳಬಾರದಿತ್ತು, ಕೇಳಿಬಿಟ್ಟ. ಆಕೆ ಮನೆಯ ಹಿಂಭಾಗದ ಕಡೆಗೆ ಗಲ್ಲ ಎತ್ತಿ ತೋರಿಸಿದಳು. "ನೋಡ್ತಾ ಇದಾರೆ ಇನ್ನೂ," ಎಂದಳು, ಮಾರ್ಕೆಟ್ಟಿಗೆ ಹೋಗಿದ್ದಾರೆ ಎನ್ನುವಷ್ಟು ಸಹಜವಾಗಿ. "ನಾನೂ ಕರೆದೆ. ಎಷ್ಟು ಸಲ ಅಂತ ಕರೆಯೋದು?" ಬಟ್ಟಲನ್ನೂ ಕರಣೆಯನ್ನೂ ಅವನ ಕೈಗಿಟ್ಟಳು.

ಅವನು ತುಂಬಿದ. ಬೇರೆ ಏನು ಮಾಡಬೇಕೋ ತಿಳಿಯದೆ ತುಂಬಿದ. ಕರಣೆಯ ತುದಿಯಿಂದ ಗಾರೆಯನ್ನು ಒಳಗೆ ಒತ್ತಿ, ಗಾಳಿ ಹೋಗುವವರೆಗೆ ತಟ್ಟಿ, ಮಟ್ಟ ಮಾಡಿ, ಒದ್ದೆ ಬೆರಳಿನಿಂದ ಸವರಿದ. ಒಂದು ಗುಳ್ಳೆಯೂ ಉಳಿಯದ ಹಾಗೆ. ತನ್ನ ಜನ್ಮದಲ್ಲಿ ಇಷ್ಟು ಒಪ್ಪವಾಗಿ ಅವನು ಇನ್ನೊಂದು ಕೆಲಸ ಮಾಡಿರಲಿಲ್ಲ. ಮುಗಿಸಿ ನೋಡಿದರೆ ಮನೆಯೊಡತಿ ಇರಲಿಲ್ಲ. ಸಂದಿನ ಆ ತುದಿಯಲ್ಲಿ, ಗೇಟಿನ ಕಡೆಗೆ, ಮನೆ ಬಿಟ್ಟು ಹೊರಟವಳ ಹಾಗೆ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬೀಸುಗಾಲು ಹಾಕುತ್ತ ಹೋಗುತ್ತಿದ್ದಳು. ತಿರುಗಿಯೂ ನೋಡಲಿಲ್ಲ. ಬ್ರೋಕರನ ಸ್ಕೂಟರ್ ಶುರುವಾಗಿ ದೂರವಾದದ್ದು ಕೇಳಿಸಿತು.

ತಲೆಯ ಮೇಲಿನ ಕಿಟಕಿ ತೆರೆದುಕೊಂಡಿತು. ಸಂದಿನ ಆ ಪುಟ್ಟ ಕಿಟಕಿ ಇದ್ದದ್ದನ್ನೇ ಅವನು ಗಮನಿಸಿರಲಿಲ್ಲ. ಸರಳುಗಳ ಹಿಂದೆ ಹೆಂಡತಿಯ ಮುಖ, ಬಿಚ್ಚಿದ ಕೂದಲು. ಏನಾದರೂ ಸಿಕ್ಕಿತೇ ಎಂದು ಕೇಳಿದಳು. ಇದೇ ಗಳಿಗೆ ಎಂದು ಅವನಿಗೆ ಗೊತ್ತಾಯಿತು. ಇಲ್ಲ, ಮನೆ ಚೆನ್ನಾಗಿದೆ ಎಂದರೆ ಮುಗಿಯಿತು. ಅಥವಾ ನಿಜ ಹೇಳಿದರೂ ಮುಗಿಯಿತು. ನಿನ್ನ ಬಾಗಿಲಿಗೆ ಹೆದರಿ ಕೆರೆದೆ ಕಣೇ ಎಂದರೆ, ಅವಳು ನಕ್ಕರೂ ನಗಬಹುದು, ಅಡುಗೆಮನೆಯಲ್ಲಿ ನಕ್ಕ ಹಾಗೆ.

"ಒಂದು ಬಿರುಕಿತ್ತು," ಎಂದ. "ಮುಚ್ಚಿದೀನಿ."

ಹಸಿ ಗಾರೆಯ ವಾಸನೆ ಇಬ್ಬರ ನಡುವೆ ನಿಂತಿತ್ತು.

"ನಾನು ಈ ಗೋಡೆಗೇ ಒರಗಿ ಕೂತಿದ್ದೆ," ಎಂದಳು ಕೊನೆಗೆ. "ಕೆರೆಯೋದು ಬೆನ್ನಿಗೆ ಗೊತ್ತಾಗ್ತಿತ್ತು. ಈಗ ನಿಲ್ಲಿಸ್ತಾರೆ, ಈಗ ನಿಲ್ಲಿಸ್ತಾರೆ ಅಂತ ಕಾದೆ." ಅವಳ ದನಿಯಲ್ಲಿ ಟೀಚರು ಇರಲಿಲ್ಲ. ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. "ಹೋಗ್ಲಿ. ಮುಂದಿನ ಬಾಗಿಲಿಗೆ ಬನ್ನಿ, ತೆಗೀತೀನಿ."

ಅವನು ಓಡಿದ. ಸಂದಿನಲ್ಲಿ ಅಡ್ಡಡ್ಡ ಓಡಲಾಗದೆ ಭುಜ ತರಚಿಕೊಂಡ, ಅದೂ ಗೊತ್ತಾಗಲಿಲ್ಲ. ಕರೆದಿದ್ದಾಳೆ. ಎಲ್ಲ ಗೊತ್ತಿದ್ದೂ ಕರೆದಿದ್ದಾಳೆ. ಬಾಗಿಲಿನ ಮುಂದೆ ನಿಂತು ಉಸಿರು ಹಿಡಿದುಕೊಂಡು, ಶರಟು ಎಳೆದುಕೊಂಡು, ಗಾರೆಯ ಕೈಯನ್ನು ಎಡಗೈಯಿಂದ ಒರೆಸಿಕೊಂಡು, ಒಳಗೆ ಹೋದ ಕೂಡಲೇ ಏನು ಹೇಳಬೇಕೆಂದು ಜೋಡಿಸಿಕೊಂಡ. ಮೊದಲು ತಪ್ಪಾಯಿತು ಅನ್ನಬೇಕು. ಆಮೇಲೆ ಆ ಚಿಕ್ಕ ಕೋಣೆ ನಿನ್ನದೇ, ಬಾಗಿಲು ಹಾಕಿಕೋ ಅನ್ನಬೇಕು. ಬಾಗಿಲು ತಟ್ಟಿದ. ಮೆಲ್ಲಗೆ, ಬೆರಳ ಗೆಣ್ಣಿನಿಂದ. ತಟ್ಟಿದ ಮೇಲೆ ತನಗೆ ತಿಳಿಯದೆಯೇ ಸದ್ದಿಗೆ ಕಿವಿಗೊಟ್ಟ. ಒಳ್ಳೆಯ ಮರ, ಒಳಗೆ ಟೊಳ್ಳಿಲ್ಲ. ಕೀಲಿನ ಕಡೆಯೂ ಒಮ್ಮೆ ತಟ್ಟಿದ, ಚೌಕಟ್ಟು ಗೋಡೆಗೆ ಸೇರುವಲ್ಲಿಯೂ ಒಮ್ಮೆ.

ಒಳಗೆ ಹೆಜ್ಜೆಗಳು ಹತ್ತಿರ ಬಂದವು. ಚಿಲಕ ಸರಿಯತೊಡಗಿತು. "ಯಾರು?" ಎಂದಳು ಅವಳು, ಬಾಗಿಲು ತೆಗೆಯುವ ಮೊದಲು ಯಾರಾದರೂ ಕೇಳುವ ಹಾಗೆ.

ನಾನು ಎನ್ನಲು ಅವನು ಬಾಯಿ ತೆರೆದ. ಕಣ್ಣು ಇನ್ನೂ ಚೌಕಟ್ಟಿನ ಮೇಲೆಯೇ ಇತ್ತು.

"ಮನೆ ನೋಡೋಕೆ ಬಂದೋನು," ಎಂದ.

ಅರ್ಧ ಸರಿದಿದ್ದ ಚಿಲಕ ಅಲ್ಲೇ ನಿಂತಿತು.